ತಂಗಿ ಇಳಿದಳು, ನಾನು ಇಳಿಯಲಿಲ್ಲ

ತಂಗಿಯೂ ನಾನೂ ಒಟ್ಟಿಗೇ ರಾತ್ರಿಯೂಟ ಬಿಟ್ಟೆವು. ಅವಳು ರಾಣೆಬೆನ್ನೂರಿನಲ್ಲಿ, ನಾನು ಬ್ಯಾಡಗಿಯಲ್ಲಿ. ಅವಳ ಮಗಳ ಮದುವೆ ಹತ್ತಿರ ಬಂದಿತ್ತು, ಅಷ್ಟರೊಳಗೆ ಇಬ್ಬರೂ ತೂಕ ಇಳಿಸಬೇಕಿತ್ತು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಪಲ್ಲೆ, ಮಜ್ಜಿಗೆ. ಸಂಜೆಯ ನಂತರ ಬರೀ ನೀರು.

ತಿಂಗಳೊಳಗೆ ಅವಳ ಜಂಪರುಗಳು ಸಡಿಲವಾದವು. ನನ್ನವು ಬಿಗಿಯಾಗಿಯೇ ಇದ್ದವು. ತೂಕದ ಮಷೀನಿನ ಮುಳ್ಳು ಅಲ್ಲಾಡಲಿಲ್ಲ, ತಲೆ ಮಾತ್ರ ಸುತ್ತುತ್ತಿತ್ತು. ನಮ್ಮ ಕಿರಾಣಿ ಅಂಗಡಿಯಲ್ಲಿ ಕೂತು ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ.

"ಖರೇ ಹೇಳು, ಕದ್ದು ಏನರ ತಿನ್ನಾಕತ್ತೀಯೇನ?" ಎಂದರು ಅತ್ತೆ. ಶೇಂಗಾದುಂಡಿಯ ಡಬ್ಬಿಯನ್ನು ಎತ್ತಿ ಮೇಲಿನ ಮಾಡದಲ್ಲಿಟ್ಟರು. ಐವತ್ತು ದಾಟಿದ ಹೆಂಗಸಿನಿಂದ ಉಂಡಿ ಬಚ್ಚಿಡುವುದೆಂದರೆ! ಅಳುತ್ತ ತಂಗಿಗೆ ಫೋನು ಮಾಡಿದೆ. ಅವಳೂ, "ಅಕ್ಕಾ, ನನ್ನ ಮುಂದಾದ್ರೂ ಖರೇ ಹೇಳ," ಅಂದಳು. ಫೋನು ಇಟ್ಟುಬಿಟ್ಟೆ.

ಮರುದಿನವೇ ಅವಳು ಚೀಲ ಹಿಡಿದು ಬಂದಿಳಿದಳು. "ವಾರ ಇಲ್ಲೇ ಇರ್ತೇನಿ. ನೀ ಉಂಡದ್ದ ನಾ ಉಣ್ತೇನಿ." ಒಂದೇ ತಟ್ಟೆಯಲ್ಲಿ ಉಂಡೆವು, ಪಕ್ಕದಲ್ಲೇ ಮಲಗಿದೆವು, ಬೆಳಿಗ್ಗೆ ಮೋಟೆಬೆನ್ನೂರಿನ ರಸ್ತೆಯಲ್ಲಿ ಜೊತೆಯಾಗಿ ನಡೆದೆವು. ವಾರದ ಕೊನೆಗೆ ಅವಳು ಮತ್ತಷ್ಟು ಇಳಿದಿದ್ದಳು. ನಾನು ಇದ್ದಷ್ಟೇ ಇದ್ದೆ. ಮಷೀನಿನ ಮುಳ್ಳು ನೋಡಿ ನನಗಿಂತ ಅವಳಿಗೇ ಸಿಟ್ಟು ಬಂತು. ನೇರ ಅಡಿಗೆಮನೆಗೆ ಹೋಗಿ, "ಅಮ್ಮಾರ, ಅಕ್ಕ ಒಂದ್ ತುತ್ತೂ ಕದ್ದು ತಿಂದಿಲ್ರಿ. ನಾನ ಕಣ್ಣಾರೆ ನೋಡೇನಿ," ಎಂದಳು. ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದರು.

ಕೊನೆಗೆ ಹಾವೇರಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಾಗಿಯೇ ಇತ್ತು.

"ಎಲ್ಲಾರ ಮೈ ಒಂದ ನಮೂನಿ ಇರಂಗಿಲ್ರಿ. ಊಟ ಕಡಿಮಿ ಆತಂದ್ರ ಕೆಲವರ ಮೈ ಭಾಳ ಕೈ ಬಿಗಿ ಹಿಡಿದು ಖರ್ಚು ಮಾಡ್ತದ."

"ಹಂಗಾರ ನಾ ಏನ್ ಮಾಡ್ಲಿರಿ?"

"ಉಪವಾಸ ಬಿಡ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ, ನಡಿಯೂದು ಬಿಡಬ್ಯಾಡ್ರಿ. ಸಾವಕಾಶ ಇಳೀತದ. ತಂಗಿಯಷ್ಟು ಇಳಿಲಿಕ್ಕಿಲ್ಲ."

ಕಾರಣ ತಿಳಿದರೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟು ಹೆಚ್ಚೇ ಆಯಿತು. ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ರೊಟ್ಟಿ ತಿಂದು ಬೆಳೆದವರು. ನನ್ನ ಮೈಗೇ ಯಾಕೆ ಈ ಜಿಪುಣತನ?

ಮದುವೆಯಲ್ಲಿ ದೂರದ ಸಂಬಂಧಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಂಗೀನ ನೋಡಿ ಕಲೀಬಾರದೇನವಾ?" ಎಂದರು.

"ಆಕಿ ಉಂಡದ್ದ ನಾನೂ ಉಂಡೇನ್ರಿ," ಎಂದೆ.

ಅವರು ನಕ್ಕರು. ನಂಬಲಿಲ್ಲ. ನಾನು ಪಂಕ್ತಿಯಲ್ಲಿ ಕೂತು, ಹೊಟ್ಟೆ ತುಂಬ ಉಂಡೆ.