ಆಸರಿಗೆ ಕೇಳುವ ಕುದುರೆ

ನನ್ನ ಯಜಮಾನರು ತೀರ್ಥಹಳ್ಳಿಗೆ ಹೋಗಿದ್ದು ಒಂದು ಮದುವೆಯ ಊಟಕ್ಕೆ. ವಾಪಸು ಬಂದದ್ದು ಒಂದು ಕುದುರೆಯ ಜೊತೆ. ಬಸ್ಸಿನಲ್ಲಿ ಹೋದವರು, ಮದುವೆ ಮುಗಿದ ನಾಲ್ಕನೇ ದಿನ ಮಧ್ಯಾಹ್ನ ಹೊಸನಗರದ ನಮ್ಮ ಮನೆಗೆ ನಡೆದುಕೊಂಡು ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಲಗಾಮು. ಕುದುರೆಯ ಬೆನ್ನ ಮೇಲೆ ಜೀನು ಇತ್ತು, ಜೀನಿನ ಮೇಲೆ ಅವರ ಕೈಚೀಲ ಠೀವಿಯಿಂದ ಕೂತಿತ್ತು. ಅವರು ಮಾತ್ರ ಹತ್ತಿರಲಿಲ್ಲ. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಇವರು ಕುದುರೆಯನ್ನು ಜೊತೆಯಲ್ಲೇ ಇಟ್ಟುಕೊಂಡು ನಿಜವಾಗಿಯೂ ಕಾಲು ನೋಯಿಸಿಕೊಂಡು ಬಂದಿದ್ದರು.

"ಒಂದೂವರೆ ದಿನದ ದಾರಿಗೆ ನಾಲ್ಕು ದಿನ ಎಂತಕ್ಕೆ?" ಎಂದು ಅತ್ತೆ ಕೇಳಿದರು.

"ಇದು ದಾರಿ ಮೇಲಿನ ಎಲ್ಲಾ ಮನೆ ಎದ್ರಿಗೂ ನಿಂತ್ಕಳ್ತು ಅಬ್ಬೆ. ನಂಗೆ ಒಂದು ವಾರ ಬೆಲ್ಲ ಅಂತೂ ತೋರ್ಸಡ," ಎಂದು ಯಜಮಾನರು ಜಗಲಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರು.

ಅರವತ್ತರ ದಶಕದ ನಡುವಿನ ಮಾತು. ತೀರ್ಥಹಳ್ಳಿ ಕಡೆಯ ವಯಸ್ಸಾದ ಪಂಡಿತರೊಬ್ಬರು ಹನ್ನೆರಡು ವರ್ಷ ಆ ತಟ್ಟು ಕುದುರೆಯ ಮೇಲೆ ಕೂತು, ನಮ್ಮ ಊರಿನವರೆಗೂ ಮನೆಮನೆಗೆ ಹೋಗಿ ಔಷಧಿ ಕೊಡುತ್ತಿದ್ದರು. ಸೊಂಟ ಕೈಕೊಟ್ಟಮೇಲೆ ಸಾಗರದಲ್ಲಿದ್ದ ಮಗ ಬಂದು ಅವರನ್ನು ಬಸ್ಸು ಹತ್ತಿಸಿಕೊಂಡು ಹೋಗಲು ತಯಾರಾದ. ಮಗನದು ಮಹಡಿ ಮೇಲಿನ ಬಾಡಿಗೆ ಮನೆ, ಕುದುರೆಗೆ ಮೆಟ್ಟಿಲು ಹತ್ತಿ ಅಭ್ಯಾಸವಿಲ್ಲ. ಮದುವೆಯ ಪಂಕ್ತಿಯಲ್ಲಿ ಪಂಡಿತರು ಈ ಸಂಕಟ ಹೇಳಿಕೊಂಡಾಗ, ಪಕ್ಕದ ಎಲೆಯಲ್ಲಿ ಕೂತಿದ್ದ ನಮ್ಮವರು ಹೋಳಿಗೆಯ ಸುಖದಲ್ಲಿ, "ನಮ್ಮನೆಯವಳಿಗೆ ಕುದುರೆ ಸವಾರಿ ಬರ್ತು," ಎಂದುಬಿಟ್ಟಿದ್ದರು.

ಅದು ಸುಳ್ಳಲ್ಲ. ನನ್ನ ಅಪ್ಪ ಸಾಗರದ ಸೀಮೆಯವರೇ. ವೇದ ಕಲಿಯಲೆಂದು ಹತ್ತನೇ ವಯಸ್ಸಿಗೆ ಮೈಸೂರಿಗೆ ಕಳಿಸಿದರೆ, ಪಾಠಶಾಲೆಯ ಹಿಂದೆಯೇ ಇದ್ದ ಕುದುರೆ ಲಾಯವನ್ನು ನೋಡಿ, ವೇದವನ್ನು ಇತರರಿಗೆ ಬಿಟ್ಟುಕೊಟ್ಟರು. ಕೊನೆಗೆ ಶ್ರೀಮಂತರ ಮಕ್ಕಳಿಗೆ ಸವಾರಿ ಕಲಿಸುವ ಮೇಷ್ಟ್ರಾದರು. ಅವರು ಕಲಿಸುತ್ತಿದ್ದದ್ದು ಓಡಿಸುವ ಸವಾರಿಯಲ್ಲ, ಪಳಗಿಸುವ ಸವಾರಿ. ಸಾಹೇಬರು ಅದಕ್ಕೆ ಡ್ರೆಸಾಜ್ ಎನ್ನುತ್ತಿದ್ದರು, ಅಪ್ಪ ಬರೀ 'ಶಾಲೆ' ಎನ್ನುತ್ತಿದ್ದರು. ಒಂದು ಚೌಕದೊಳಗೆ ದುಂಡಗೆ ಸುತ್ತು ಹಾಕುವುದು, ಎಂಟರ ಆಕಾರ ಬರೆಯುವುದು, ಅಡ್ಡಹೆಜ್ಜೆ ಇಡಿಸುವುದು, ಆಮೇಲೆ ನಾಲ್ಕೂ ಕಾಲು ಸಮನಾಗಿ ಊರಿಸಿ ಅಲುಗಾಡದೆ ನಿಲ್ಲಿಸುವುದು. ನೋಡುವವರಿಗೆ ಸವಾರ ಏನೂ ಮಾಡುತ್ತಿಲ್ಲ ಅನ್ನಿಸಬೇಕು. ನಾನು ಎಂಟು ವರ್ಷದಿಂದ ಹದಿನಾಲ್ಕರವರೆಗೆ ಪ್ರತಿ ಬೆಳಿಗ್ಗೆ ಅದನ್ನು ಕಲಿತೆ. ಒಂದು ಬೆಳಿಗ್ಗೆ ಸುತ್ತು ಮುಗಿಸುವ ಹೊತ್ತಿಗೆ ಅಪ್ಪ, "ಇಳಿ. ಸ್ನಾನ ಮಾಡಿ ಸೀರೆ ಉಡು. ನಿನ್ನ ನೋಡೋಕೆ ಬಂದಿದಾರೆ," ಎಂದರು. ಮುಂದಿನ ತಿಂಗಳು ನಾನು ಹೊಸನಗರದಲ್ಲಿದ್ದೆ. ಆಮೇಲೆ ಇಪ್ಪತ್ತೆರಡು ವರ್ಷ ನಾನು ಹತ್ತಿದ್ದೆಂದರೆ ಅಟ್ಟ ಮಾತ್ರ.

ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಎಲ್ಲಿಗೂ ಹೋಗದಿದ್ದ ಮೇಲೆ ಕುದ್ರೆ ಎಂತಕ್ಕೆ? ಒರಳಕಲ್ಲ ಮೇಲೆ ಕೂತ್ರೆ ಆಗ್ತಿಲ್ಯಾ?" ಎಂದರು.

ಕಚ್ಚೆ ಹಾಕಿ ಸೀರೆ ಉಟ್ಟು, ಅದೇ ಒರಳಕಲ್ಲಿನ ಮೇಲೆ ನಿಂತು, ಮೊದಲ ದಿನ ಹತ್ತಿದೆ. ಹತ್ತಿದ ರಭಸ ಹೆಚ್ಚಾಗಿ ಆ ಕಡೆಯಿಂದ ಇಳಿದೂಬಿಟ್ಟೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನನಗೆ ಮೀಸೆ ಇರಲಿಲ್ಲ, ಮಿಕ್ಕದ್ದೆಲ್ಲ ಮಣ್ಣಾಯಿತು. ಕುದುರೆ ಕತ್ತು ತಿರುಗಿಸಿ ನನ್ನನ್ನು ನೋಡಿತು. ಅದು ಪಂಡಿತರ ಕುದುರೆ, ಬಿದ್ದವರನ್ನು ನೋಡಿ ರೂಢಿಯಿತ್ತು.

ಎರಡನೇ ಸಲ ಕೂತೆ. ಬೆನ್ನು ತಾನಾಗಿ ನೆಟ್ಟಗಾಯಿತು, ಹಿಮ್ಮಡಿ ತಾನಾಗಿ ಕೆಳಗಿಳಿಯಿತು. ನನ್ನ ತಲೆ ಮರೆತದ್ದನ್ನು ಸೊಂಟ ಮರೆತಿರಲಿಲ್ಲ. ಖುಷಿಗೆ ನಾನೊಬ್ಬಳೇ ನಕ್ಕೆ. ಒಳಗಿಂದ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು: "ಮತ್ತೆ ಹತ್ತಿದ್ದು. ಈಗ ನಗ್ತಾ ಇದ್ದು." ಅವರ ಮಾತಿನಲ್ಲಿ ಸೊಸೆಗೂ ಕುದುರೆಗೂ ಒಂದೇ ಕ್ರಿಯಾಪದ. ಆ ದಿನಗಳಲ್ಲಿ ಅವರು "ಹುಲ್ಲು ತಿಂದ್ಚಾ?" ಎಂದರೂ ನಾನು ಒಂದು ಕ್ಷಣ ಯೋಚಿಸುತ್ತಿದ್ದೆ.

ಊರೊಳಗೆ ಒಂದು ಸುತ್ತು ಹೋಗಿಬರೋಣ ಎಂದು ಹೊರಟೆ. ಮೊದಲ ಮನೆ ಬಂದದ್ದೇ ಕುದುರೆ ಅಂಗಳಕ್ಕೆ ತಿರುಗಿ ನಿಂತಿತು. ತೊಡೆ ಒತ್ತಿದೆ, ಲಗಾಮು ಎಳೆದೆ, ಬೇಡಿಕೊಂಡೆ. ಉಹುಂ. ಮನೆಯಾಕೆ ಹೊರಗೆ ಬಂದು, "ಅಯ್ಯೋ, ಆಸರಿಗೆ ಬೇಕಾ?" ಎಂದರು. ನಮ್ಮ ಕಡೆ ಅಂಗಳಕ್ಕೆ ಬಂದವರನ್ನು ಮೊದಲು ಕೇಳುವ ಮಾತು ಅದು. ಆಸರಿಗೆ ಅಂದರೆ ಬಾಯಾರಿಕೆಗೆ: ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ಇಲ್ಲವೇ ಮಜ್ಜಿಗೆ. ಶತ್ರು ಬಂದು ನಿಂತರೂ ಅದನ್ನು ಕೊಟ್ಟಮೇಲೇ ಜಗಳ ಶುರು. ಪಂಡಿತರು ಹನ್ನೆರಡು ವರ್ಷ ಮನೆಮನೆಯಲ್ಲೂ ಕುಡಿದಿದ್ದರು, ಕುದುರೆಗೂ ಒಂದು ಚೂರು ಬೆಲ್ಲ ಸಿಕ್ಕಿತ್ತು. ಬೆಲ್ಲ ಬಾಯಿಗೆ ಬಿದ್ದು, ಲೋಟ ತಟ್ಟೆಗೆ ಮರಳಿ ಟಣ್ ಎಂದಮೇಲೇ ಅದು ಹೆಜ್ಜೆ ತೆಗೆಯುತ್ತಿದ್ದದ್ದು. ನಾನು ಕುಡಿದೆ. ಟಣ್ ಎಂದಿತು. ಕುದುರೆ ಹೊರಟು ಎರಡನೇ ಮನೆಯ ಅಂಗಳದಲ್ಲಿ ನಿಂತಿತು.

ಎರಡನೇ ಮನೆಯ ಅಜ್ಜಿ ಜಗಲಿಯಿಂದ ಇಳಿದು, ನನ್ನ ಮುಖವನ್ನೂ ನೋಡದೆ, ಕೈ ಚಾಚಿದರು. ಆ ಕುದುರೆ ಬಂದಾಗಲೆಲ್ಲ ಕೈ ಚಾಚಿ ನಾಡಿ ತೋರಿಸಿದವರು ಅವರು, ಮೇಲೆ ಕೂತವರು ಬದಲಾದರೆ ನಾಡಿ ಬದಲಾಗುತ್ತದೆಯೇ? ನಾನೂ ಬಗ್ಗಿ ಹಿಡಿದೆ. ಏನೋ ಒಂದು ಬಡಿದುಕೊಳ್ಳುತ್ತಿತ್ತು. "ವಾಯು," ಎಂದೆ. ಮಲೆನಾಡಿನಲ್ಲಿ ಯಾರಿಗೆ ವಾಯು ಎಂದರೂ ತಪ್ಪಾಗುವುದಿಲ್ಲ. "ಶುಂಠಿ ಕಷಾಯ ಕುಡೀರಿ." ಅವರು ತೃಪ್ತರಾಗಿ ಒಳಗೆ ಹೋದರು. ಏಳು ಮನೆ, ಏಳು ಲೋಟ, ನಾಲ್ಕು ನಾಡಿ ಮುಗಿಸಿ ನಾನು ಮನೆ ಸೇರಿದಾಗ ನಡೆದರೆ ಹೊಟ್ಟೆಯೊಳಗೆ ಕೊಡ ತುಳುಕಿದಂತೆ ಸದ್ದಾಗುತ್ತಿತ್ತು. ಮುಂದಿನ ವಾರ ಇಬ್ಬರು ರೋಗಿಗಳು ಮನೆಗೇ ಬಂದರು. ಯಜಮಾನರು ಹೆದರಿ ಅವರಿಗೆ ಆಸರಿಗೆ ಕೊಟ್ಟು, ಆಸ್ಪತ್ರೆಯ ದಾರಿ ತೋರಿಸಿ ಕಳಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಗುತ್ತಾ ಇದ್ದುಬಿಡುತ್ತಿದ್ದೆ. ಆದರೆ ಯಜಮಾನರು ಕುದುರೆಯ ಸುದ್ದಿಯನ್ನು ಅಪ್ಪನಿಗೆ ಬರೆದಿದ್ದರು. ಅಪ್ಪನ ಕಾರ್ಡು ಬಂತು: "ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ. ನೋಡುತ್ತೇನೆ." ಅಷ್ಟೇ. ಅವರಿಗೆ ಎಪ್ಪತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಆರು ವರ್ಷ ದಿನಾ ಕಲಿಸಿದ ಅಪ್ಪ ಒಂದು ದಿನವೂ ನನಗೆ 'ಚೆನ್ನಾಗಿದೆ' ಎಂದವರಲ್ಲ. ಶ್ರೀಮಂತರ ದಪ್ಪ ದಪ್ಪ ಹುಡುಗರು ಚೀಲದಂತೆ ಕೂತು ಸುತ್ತಿದರೂ ಅವರಿಗೆ ಶಭಾಷ್, ನನಗೆ "ಇನ್ನೊಂದು ಸಲ". ಮೂವತ್ತಾರು ವಯಸ್ಸಾಗಿ, ಇಬ್ಬರು ಮಕ್ಕಳ ತಾಯಿಯಾಗಿ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಆ ಒಂದು ಮಾತು ಬೇಕಾಗಿತ್ತು.

ಯಜಮಾನರು ಮೇಷ್ಟ್ರಾಗಿದ್ದ ಊರ ಶಾಲೆಯ ಹಿಂದೆ ಕೊಯ್ಲಾದ ಗದ್ದೆಯೊಂದಿತ್ತು. ಅಲ್ಲಿ ಚೌಕ ಮಾಡಿಕೊಂಡೆ. ನಾಲ್ಕು ಮೂಲೆಗೆ ಗುರುತು ಬೇಕು: ಒಂದಕ್ಕೆ ಗೊಬ್ಬರದ ಬುಟ್ಟಿ, ಒಂದಕ್ಕೆ ಕಾಲು ಮುರಿದ ಕುರ್ಚಿ, ಇನ್ನೊಂದಕ್ಕೆ ಯಜಮಾನರು ಶಾಲೆಯಿಂದ ತಂದ ಭೂಗೋಳದ ಗುಂಡು. ನಾಲ್ಕನೆಯದಕ್ಕೆ ಏನೂ ಸಿಗದೆ ಅವರೇ ಕೊಡೆ ಬಿಚ್ಚಿ ನಿಂತರು. ಮೊಣಕಾಲಿಗೂ ಜೀನಿಗೂ ನಡುವೆ ವೀಳ್ಯದೆಲೆ ಇಟ್ಟುಕೊಂಡು, ಅದು ಬೀಳದಂತೆ ಸುತ್ತುವುದು ಅಪ್ಪನ ಕ್ರಮ. ಒಂದು ವಾರದಲ್ಲಿ ಅತ್ತೆ ವೀಳ್ಯ ಸುತ್ತಿಡುತ್ತಿದ್ದ ಎಲೆವಸ್ತ್ರ ಖಾಲಿಯಾಯಿತು. ಎಲೆಯಿಲ್ಲದೆ ಬರೀ ಅಡಿಕೆ ಅಗಿಯುತ್ತಾ ಅವರು ನನ್ನನ್ನು ನೋಡಿದ ನೋಟ ನಾನು ಮರೆತಿಲ್ಲ.

ಕುದುರೆ ಕಲಿಯಿತು. ತಟ್ಟು ಆದರೇನು, ತಲೆ ಚುರುಕು. ಒಂದೇ ತೊಡಕು: ಗದ್ದೆಯ ಅಂಚಿಗೆ ಒಂದು ಮನೆ ಇತ್ತು. ಮುಕ್ಕಾಲು ಸುತ್ತು ದುಂಡಗೆ ಬಂದ ಕುದುರೆ, ಆ ಮನೆಯಾಕೆ ಅಂಗಳದಲ್ಲಿ ಕಂಡರೆ ಸಾಕು, ಗೆರೆ ಕತ್ತರಿಸಿ ಸೀದಾ ಅಲ್ಲಿಗೆ. ಅಂಗಳ ಖಾಲಿ ಇದ್ದರೆ ಏನೂ ತೊಂದರೆ ಇಲ್ಲ. ಹೊರಗೆ ಬರಬೇಡಿ, ಬೆಲ್ಲ ಕೊಡಬೇಡಿ ಎಂದು ಆಕೆಗೆ ಹೇಳಿದೆ. "ನಾ ಎಂತ ಮಾಡಲಿ, ಬಂದು ನಿಂತ್ರೆ ಕೊಡದೆ ಇಪ್ಪಲೆ ಆಗ್ತಾ?" ಎಂದರು. ಅದೂ ಸರಿಯೇ.

ಅಪ್ಪ ಬಂದ ಮರುದಿನ ಬೆಳಿಗ್ಗೆ, ಆಶ್ಚರ್ಯವೆಂದರೆ, ಅತ್ತೆಯೇ ಮುಂದೆ ಬಂದರು. "ನೀನು ಹೆದರಡ. ನಾ ಹೋಗಿ ಅವಳ ಅಂಗಳದಲ್ಲಿ ನಿಂತ್ಕತ್ತಿ. ಅದು ಮನೆಯಿಂದ ಹೊರಗೆ ಬರದಂಗೆ ನೋಡ್ಕತ್ತಿ," ಎಂದು ಸೆರಗು ಸಿಕ್ಕಿಸಿಕೊಂಡು ಕಾವಲಿಗೆ ಹೊರಟರು.

ಅಪ್ಪನನ್ನು ಶಾಲೆಯ ಬೆಂಚಿನ ಮೇಲೆ ಕೂರಿಸಿದೆವು. ಕೋಲನ್ನು ಮೊಣಕಾಲ ನಡುವೆ ಊರಿ, ಅದರ ಮೇಲೆ ಗಲ್ಲ ಇಟ್ಟು, ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿದರು. ನಾನು ಹೊರಟೆ. ಮೊದಲು ನಡಿಗೆ, ಆಮೇಲೆ ಕುಲುಕು ಓಟ. ಭೂಗೋಳ ದಾಟಿತು, ಬುಟ್ಟಿ ದಾಟಿತು. ಕುದುರೆಯ ಕತ್ತು ಸುತ್ತಿನ ಒಳಕ್ಕೆ ಬಾಗಿತ್ತು, ನನ್ನ ಕೈ ಅಲುಗುತ್ತಿರಲಿಲ್ಲ. ಇಷ್ಟು ದುಂಡಗಿನ ಸುತ್ತನ್ನು ನಾನು ಮೈಸೂರಿನಲ್ಲೂ ಹಾಕಿರಲಿಲ್ಲ. ಇನ್ನು ಕಾಲು ಸುತ್ತು.

ಅಲ್ಲಿ ಅಂಗಳದಲ್ಲಿ ಅತ್ತೆ ಕಾವಲು ನಿಂತಿದ್ದರಲ್ಲ, ಅದೇ ಮುಳುವಾಯಿತು. ಮನೆಯ ಎದುರಿಗೆ ಹಿರಿಯರು ಬಂದು ಬಿಸಿಲಲ್ಲಿ ನಿಂತಿರುವಾಗ ಒಳಗಿದ್ದಾಕೆ ಸುಮ್ಮನಿರುವುದು ಹೇಗೆ? ತಟ್ಟೆ, ಬೆಲ್ಲ, ಲೋಟ ಹಿಡಿದು ಹೊರಗೆ ಬಂದೇಬಿಟ್ಟರು. ಕೊಟ್ಟದ್ದನ್ನು ಬೇಡ ಎನ್ನಲು ಅತ್ತೆಗೂ ಬಾಯಿ ಬರಲಿಲ್ಲ, ಲೋಟ ಕೈಗೆ ತೆಗೆದುಕೊಂಡರು. ಕುದುರೆಗೆ ಇನ್ನೇನು ಬೇಕು? ಗೆರೆ ಬಿಟ್ಟು, ಬದು ಹಾರಿ, ಇಬ್ಬರು ಹೆಂಗಸರ ಎದುರಿಗೆ ಹೋಗಿ ನಿಂತಿತು. ನಾನು ಒದ್ದೆ. ಒಂದು ಕೂದಲೂ ಅಲುಗಲಿಲ್ಲ. ಅತ್ತೆ ಲೋಟ ಎತ್ತಿ ಹಿಡಿದಂತೇ, ಇಳಿಸಲೂ ಕುಡಿಯಲೂ ಧೈರ್ಯವಿಲ್ಲದೆ, ಗೊಂಬೆಯಂತೆ ನಿಂತಿದ್ದರು.

ಅಪ್ಪ ಬೆಂಚಿನಿಂದ ಎದ್ದು, ಕೋಲೂರಿಕೊಂಡು, ಯಜಮಾನರ ಕೈ ಹಿಡಿದು ಬದು ದಾಟಿ ಬಂದರು. ಕುದುರೆಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಒಂದೊಂದು ಗೊರಸನ್ನೂ ನೋಡಿದರು. ನಾಲ್ಕೂ ಕಾಲು ಸಮ, ಕತ್ತು ನೆಟ್ಟಗೆ, ಬಾಲ ಸಹ ಸ್ತಬ್ಧ.

"ಎಷ್ಟು ಚೆನ್ನಾಗಿ ನಿಂತಿದೆ!" ಎಂದರು ಅಪ್ಪ. "ಜೀವಮಾನ ಎಲ್ಲಾ ಕಲಿಸಿದೆ. ಹೀಗೆ ನಿಲ್ಲೋ ಕುದುರೆ ಒಂದೂ ನೋಡ್ಲಿಲ್ಲ."

ನನಗೆ ಬಂದ ಸಿಟ್ಟು ಹೇಳತೀರದು. ನಾನು ತಿಂಗಳುಗಟ್ಟಲೆ ತೊಡೆ ಸವೆಸಿದೆ, ಆರು ವರ್ಷ ಬೆಳಗಿನ ಚಳಿಯಲ್ಲಿ ಸುತ್ತಿದೆ, ಶಭಾಷ್‌ಗಿರಿ ಬೆಲ್ಲದ ಆಸೆಗೆ ನಿಂತ ತಟ್ಟುವಿಗೆ! ಅಪ್ಪನಿಗೆ ಎಂದೂ ಎದುರಾಡದವಳು ಕುದುರೆಯ ಮೇಲಿಂದಲೇ ಕಿರುಚಿದೆ: "ಕುದುರೆ ಚೆನ್ನಾಗಿದೆ, ಸರಿ ಅಪ್ಪ. ಮೇಲೆ ಕೂತಿರೋಳು? ನಾನು ಹೇಗಿದೀನಿ? ಒಂದು ಸಲ, ಒಂದೇ ಒಂದು ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅತ್ತೆ ಬಾಯಿ ತೆರೆದರು. ಯಜಮಾನರು ಕೊಡೆಯ ಹಿಂದೆ ಅಡಗಿದರು. ಅಪ್ಪ ಮಾತ್ರ ನನ್ನ ಹಿಮ್ಮಡಿಯನ್ನು ಹಿಡಿದು, ಹುಡುಗಿಯಾಗಿದ್ದಾಗ ಮಾಡುತ್ತಿದ್ದ ಹಾಗೆ, ಒಂದು ಎಳೆಯಷ್ಟು ಕೆಳಗೆ ಒತ್ತಿದರು. ಕೈ ಅಲ್ಲೇ ಇತ್ತು.

"ನೀನು ಹನ್ನೆರಡು ವರ್ಷಕ್ಕೇ ಚೆನ್ನಾಗಿದ್ದೆ ಮಗು," ಎಂದರು. "ನನ್ನ ಹತ್ರ ಕಲಿತ ಎಲ್ಲರಿಗಿಂತ. ಬಾಯಿಬಿಟ್ಟು ಹೇಳಿದ್ದಿದ್ರೆ, ಅವತ್ತು ನಿನಗೆ ಇಳಿ ಅನ್ನೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ನಾನು ಅತ್ತುಬಿಟ್ಟೆ. ಸೆರಗು ಮುಚ್ಚಿಕೊಳ್ಳದೆ, ಊರವರೆಲ್ಲ ನೋಡುವ ಹಾಗೆ ಕುದುರೆಯ ಮೇಲೆ ಕೂತು, ಮಕ್ಕಳ ಹಾಗೆ ಅತ್ತೆ. ಅಪ್ಪನೂ ಅತ್ತರು. ಅಷ್ಟು ಹೊತ್ತಾದರೂ ನನಗೆ ಇಳಿ ಎಂದು ಅವರು ಹೇಳಲಿಲ್ಲ, ನಾನೂ ಇಳಿಯಲಿಲ್ಲ.