ಜೀವರತ್ನಂ ಹಿರಿಯರ ವಿಧೇಯತೆ

ಭದ್ರಾವತಿಯ ಆ ಪುಟ್ಟ ಸಭೆಗೆ ಯಜಮಾನ ಯೇಸುವೇ ಆದರೂ ಮೇಸ್ತ್ರಿ ಮಾತ್ರ ಜೀವರತ್ನಂ ಹಿರಿಯರು ಎಂಬುದು, ತೊಂಬತ್ತೆಂಟರಲ್ಲಿ ಹೊಸದಾಗಿ ಬಂದ ಪಾಸ್ಟರ್ ಸುಂದರರಾಜ್‌ಗೆ ಮೊದಲ ಭಾನುವಾರವೇ ತಿಳಿದುಹೋಯಿತು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾಗಿದ್ದ ಹಿರಿಯರು, ಆರಾಧನೆಗೆ ಐದು ನಿಮಿಷ ತಡವಾಗಿ ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ, ಬೈಬಲಿನ ಪೌಲನ ಪತ್ರಿಕೆಯಿಂದ ಒಂದು ವಚನ ಓದಿಸಿಯೇ ಒಳಗೆ ಬಿಡುತ್ತಿದ್ದರು. ಯಾರಾದರೂ ಗೊಣಗಿದರೆ, “ಪೌಲ ಬರೆದದ್ದು ಆರ್ಡರು ಮಾರಾಯ, ಅರ್ಜಿ ಅಲ್ಲ. ಮೊದ್ಲು ವಿಧೇಯತೆ, ಆಮೇಲೆ ಆತ್ಮಿಕ ಬೆಳವಣಿಗೆ” ಎನ್ನುತ್ತಿದ್ದರು. ಪ್ರಸಂಗ ಉದ್ದವಾದರೆ ಮುಂದಿನ ಬೆಂಚಿನಿಂದ ಪಾಸ್ಟರಿಗೆ ವಾಚು ಎತ್ತಿ ತೋರಿಸುವ ಸೇವೆಯೂ ಅವರದ್ದೇ. ಬೇಸತ್ತ ಪಾಸ್ಟರ್ ಒಂದು ಸಂಜೆ ಜಗಳಕ್ಕೆಂದೇ ಅವರ ಮನೆಗೆ ಹೋದರು. ಅಲ್ಲಿ, ನೆನಪು ಪೂರಾ ಹೋಗಿದ್ದ ಹೆಂಡತಿ ಸುಗುಣಮ್ಮ ಮಂಚದ ಮೇಲಿಂದ, “ಏ ಕೆಲಸದವ್ನೇ, ಗಂಜಿ ಆರಿಸ್ಕೊಂಡು ಬಾ” ಎಂದು ಗದರಿದರು. ಹಿರಿಯರು “ಬಂದೆ ಅಮ್ಮಾವ್ರೇ” ಎಂದು ತಲೆ ತಗ್ಗಿಸಿ ಗಂಜಿ ತಂದು, ಕೆಳಗೆ ಕೂತು ಒಂದೊಂದೇ ಚಮಚ ಕುಡಿಸಿದರು. ಹೇಳಬೇಕೆಂದು ತಂದ ಮಾತೆಲ್ಲ ಪಾಸ್ಟರಿಗೆ ಮರೆತುಹೋಯಿತು. “ನೀವು ಯಾರು ಅಂತ ಅವರಿಗೆ ಹೇಳಬಾರದಾ?” ಎಂದಷ್ಟೇ ಕೇಳಿದರು. ಹಿರಿಯರು ಹೆಂಡತಿಯ ಬಾಯಿ ಒರೆಸುತ್ತ ಮೆಲ್ಲಗೆ ಹೇಳಿದರು: “ಗಂಡ ಅಂದ್ರೆ, ಯಾರೋ ಹೊರಗಿನವನು ಬಂದ ಅಂತ ಹೆದರ್ತಾಳೆ ಪಾಸ್ಟರೇ. ಆಳು ಅಂದ್ರೆ ಉಣ್ತಾಳೆ.”