ಮಾನ್ವಿ ಟೆಂಟಿನ ಸುಳ್ಳು ಕುರಿ

ನನ್ನ ಅತ್ತೆಗೆ ಸುಳ್ಳೆಂದರೆ ಆಗುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಗಾದೆಯನ್ನೇ ಅವರು ಒಪ್ಪುತ್ತಿರಲಿಲ್ಲ. ನನ್ನನ್ನು ನೋಡಲು ಕುರ್ಡಿಯಿಂದ ನಮ್ಮ ಮಸರಕಲ್ಲಿಗೆ ಬಂದ ದಿನ, ಹಿರಿಯರೆಲ್ಲ ಕುಳಿತಿರುವಾಗಲೇ, ತಮ್ಮ ಮಗನಿಗೆ ಎಡಗಿವಿ ಮಂದ, ಹಸಿದರೆ ಸಿಟ್ಟು ಜಾಸ್ತಿ, ಎಣಿಕೆಯಲ್ಲಿ ಒಂದೆರಡು ಕುರಿ ಯಾವಾಗಲೂ ತಪ್ಪುತ್ತಾನೆ ಎಂದು ಒಂದೊಂದಾಗಿ ಹೇಳಿಬಿಟ್ಟರು. ನಮ್ಮಪ್ಪ ದಂಗಾದ. ಇಷ್ಟನ್ನೆಲ್ಲ ತಾವೇ ಹೇಳಿಕೊಳ್ಳುವವರ ಮನೆಯಲ್ಲಿ ಮುಚ್ಚಿಟ್ಟದ್ದು ಇನ್ನೇನು ಇರಲಿಕ್ಕೆ ಸಾಧ್ಯ ಎಂದು ಅವತ್ತೇ ಮಾತು ಕೊಟ್ಟ.

ನಾನು ತಾಯಿಯಿಲ್ಲದೆ ಬೆಳೆದವಳು. ಅತ್ತೆಯ ಒಬ್ಬಳೇ ಮಗಳು ನನ್ನ ಮದುವೆಯ ಹಿಂದಿನ ವರ್ಷ ಜ್ವರದಲ್ಲಿ ಹೋಗಿದ್ದಳು. ನನಗೆ ತಾಯಿ ಸಿಗುತ್ತಾಳೆ, ಅವರಿಗೆ ಮಗಳು ಸಿಗುತ್ತಾಳೆ ಎಂದು ಮಸರಕಲ್ಲಿನ ಹೆಂಗಸರು ಮಡಿಲು ತುಂಬುವಾಗ ಸುಲಭವಾಗಿ ಹೇಳಿ ಕಳಿಸಿದರು. ಕುರ್ಡಿಗೆ ಬಂದರೆ ಹಾಗೇನೂ ಇರಲಿಲ್ಲ. ಮೊದಲ ಸಂಜೆ ಅತ್ತೆ ಒಂದು ಹಳೆಯ ಕರಿ ಕಂಬಳಿ ತಂದು ಹೆಗಲಿಗೆ ಹೊದಿಸಿದರು, ಥಂಡಿ ಅದ ಅಂದರು, ಒಳಗೆ ಹೋದರು. ಆಮೇಲೆ ಬೈಯಲೂ ಇಲ್ಲ, ಮುದ್ದಿಸಲೂ ಇಲ್ಲ. ಹೊಟ್ಟೆಗೆ ಹಾಕುತ್ತಿದ್ದರು, ಕೆಲಸ ಹೇಳುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ಬೆಳಗ್ಗೆ ನಾನೆದ್ದ ಮೇಲೆ ಆ ಕಂಬಳಿಯನ್ನು ತಾವೇ ಎತ್ತಿ, ಮೂಗಿನ ಹತ್ತಿರ ಹಿಡಿದು, ಮಡಚಿಡುತ್ತಿದ್ದರು. ನನ್ನ ಸ್ವಚ್ಛತೆಯ ಪರೀಕ್ಷೆ ನಡೆಸುತ್ತಿದ್ದಾರೆಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಈ ಮುದುಕಿ ನನ್ನನ್ನು ಯಾವತ್ತಾದರೂ ತನ್ನವಳು ಅಂದುಕೊಳ್ಳುತ್ತಾಳೋ ಇಲ್ಲವೋ ಎಂಬುದೊಂದೇ ಆ ದಿನಗಳಲ್ಲಿ ನನ್ನ ಚಿಂತೆ.

ಅಷ್ಟರಲ್ಲಿ ನನ್ನ ಗಂಡ ಉಣ್ಣೆ ಮಾರಲು ರಾಯಚೂರಿಗೆ ಹೋದವನು ಸಿನಿಮಾ ನೋಡಿಕೊಂಡು ಬಂದ. ಮೂರು ದಿನ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಬಟ್ಟೆಯ ಮೇಲೆ ಮನುಷ್ಯರು ಓಡಾಡುತ್ತಾರಂತೆ, ಕುದುರೆ ನಮ್ಮ ಮೈಮೇಲೇ ಬಂದಂತಾಗುತ್ತದಂತೆ, ಮುಂದೆ ಕುಳಿತವರು ಎದ್ದು ಓಡಿದರಂತೆ. ಓಡಿದವರಲ್ಲಿ ಇವನೂ ಇದ್ದ ಎಂದು ಅವನ ಜೊತೆ ಹೋದವರಿಂದ ಆಮೇಲೆ ತಿಳಿಯಿತು. ಕೇಳಿ ಕೇಳಿ ನನಗೆ ಹುಚ್ಚು ಹಿಡಿಯಿತು. ರೊಟ್ಟಿ ಬಡಿಯುವಾಗಲೂ ಕಣ್ಣೆದುರು ಕುದುರೆ. ಸುಗ್ಗಿ ಮುಗಿಯುವ ಹೊತ್ತಿಗೆ ಮಾನ್ವಿಗೆ ಸಿನಿಮಾ ಟೆಂಟು ಬಂತು, ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಆ ಮನೆಯಲ್ಲಿ ನಾನು ಕೇಳಿದ ಮೊದಲ ಆಸೆ ಅದು.

ಅತ್ತೆ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಗೂಟದ ಮೇಲಿನ ಕಂಬಳಿ ಮುಟ್ಟಿದರು. ನಮ್ಮವರು ಕಂಬಳಿ ಮುಟ್ಟಿ ಆಡಿದ ಮಾತು ಕಲ್ಲಿನ ಮೇಲೆ ಬರೆದಂತೆ.

“ನಾನೂ ಬರ್ತೀನಿ. ಅದರಾಗ ಸುಳ್ಳಿದ್ರ, ಈ ಮನಿಯವ್ರು ಮತ್ತ ಆ ಟೆಂಟಿನಾಗ ಕಾಲಿಡಂಗಿಲ್ಲ.”

ನನ್ನ ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಕಣ್ಣಲ್ಲೇ ಗೊತ್ತಾಯಿತು, ನಮ್ಮ ಸಿನಿಮಾ ಯೋಗ ಒಂದೇ ದಿನದ್ದು ಎಂದು.

ಆದರೂ ಆ ಸಂಜೆಯ ಸಂಭ್ರಮ ಏನು ಹೇಳಲಿ! ಟೆಂಟಿನ ಹಿಂದೆ ಇಂಜಿನ್ನು ಧಡಧಡ ಅನ್ನುತ್ತಿತ್ತು. ಒಳಗೆ ಮರಳು ಹಾಸಿದ್ದರು. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಬಟ್ಟೆ ಕಟ್ಟಿದ್ದರು. ಆಟ ತೋರಿಸುವ ಮಿಷನ್ನು ಒಂದೇ ಇದ್ದುದರಿಂದ ಒಂದು ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು, ಹಿಂದಿನ ಕಂಬದ ಗ್ಯಾಸ್‌ಬತ್ತಿಯ ಮೇಲಿನ ಮುಸುಕು ತೆಗೆಯುತ್ತಿದ್ದರು. ಆಟದ ಮಾತೆಲ್ಲ ಹಿಂದೂಸ್ತಾನಿಯಲ್ಲಿ. ಆ ಬಿಡುವಿನಲ್ಲಿ ಟೆಂಟಿನ ಯಜಮಾನ ಮುಂದೆ ಬಂದು, ಆದದ್ದನ್ನೂ ಆಗಲಿರುವುದನ್ನೂ ನಮ್ಮ ಮಾತಿನಲ್ಲಿ ಹೇಳುತ್ತಿದ್ದ.

ಒಬ್ಬ ರಾಣಿಯ ಕಥೆ. ಕೂಸನ್ನು ಕಳ್ಳರು ಒಯ್ಯುತ್ತಾರೆ, ಅವಳು ಹುಡುಕುತ್ತ ಕಾಡು ಸೇರುತ್ತಾಳೆ. ಮೊದಲ ರೀಲಿನಲ್ಲೇ ನನ್ನ ಜೀವ ಬಾಯಿಗೆ ಬಂತು. ಆಕಾಶದಿಂದ ಒಂದು ರಥ ಇಳಿಯಿತು, ಅದನ್ನು ಇಳಿಬಿಟ್ಟ ಹಗ್ಗ ಬಾವಿಯ ಹಗ್ಗದಂತೆ ನಿಚ್ಚಳವಾಗಿ ಕಾಣುತ್ತಿತ್ತು. ಮುಗೀತು ನಮ್ಮ ಕಥೆ ಎಂದು ಓರೆಗಣ್ಣಲ್ಲಿ ನೋಡಿದರೆ, ಅತ್ತೆ ಕೈಮುಗಿದು ಕುಳಿತಿದ್ದಾರೆ. ಆಮೇಲೆ ರಾಣಿ ತುಂಬಿದ ಹೊಳೆ ಈಜಿ ದಡ ಹತ್ತಿದಳು. ಸೀರೆ ಒಣಗಿದೆ, ಮುಡಿದ ಹೂವು ಬಾಡಿಲ್ಲ. ಅತ್ತೆ ತುಟಿ ಬಿಚ್ಚಲಿಲ್ಲ. ಎದೆಗೆ ಬಾಣ ನಾಟಿದ ಸೇನಾಪತಿ ಸಾಯುವ ಮೊದಲು ಉದ್ದಕ್ಕೊಂದು ಹಾಡು ಹಾಡಿದ. ಮುಂದಿನ ರೀಲಿನಲ್ಲಿ ಅದೇ ಮನುಷ್ಯ ಮೀಸೆ ಬದಲಿಸಿ, ಕಾವಲುಗಾರನಾಗಿ ಬಾಗಿಲಲ್ಲಿ ನಿಂತಿದ್ದ. ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಮಾತ್ರ, ಪಾಪ, ಇವನ ಅಣ್ಣ ಈಗಷ್ಟೇ ಸತ್ತ, ಆದರೂ ದುಡಿಮೆ ಬಿಡಲಿಲ್ಲ ಎಂದು ಮರುಗಿದರು. ನನಗೆ ರೆಕ್ಕೆ ಬಂದ ಹಾಗಾಯಿತು. ಇನ್ನು ಏನು ಬಂದರೂ ಚಿಂತೆಯಿಲ್ಲ ಎಂದು ಕಾಲು ಚಾಚಿ ಕುಳಿತೆ.

ಬಂದದ್ದು ಕುರಿ.

ರಾಣಿ ಕುರಿಗಾರರ ಹಟ್ಟಿಯಲ್ಲಿದ್ದಾಳೆ. ಒಂದು ಕುರಿಯ ಮರಿ ಸತ್ತಿದೆ. ಇನ್ನೊಂದು ಕಡೆ ತಾಯಿಯಿಲ್ಲದ ಮರಿ ಅರಚುತ್ತಿದೆ. ರಾಣಿ ಆ ಮರಿಯನ್ನು ಎತ್ತಿ ತಂದು, ಕುರಿಯ ಮುಂದೆ ಕುಳಿತು ಎರಡು ಸಾಲು ಹಾಡಿದಳು. ಕುರಿ ಸುಮ್ಮನೆ ನಿಂತಿತು, ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಹೆಂಗಸರ ಕಡೆ ಗುಜುಗುಜು ಎದ್ದಿತು. ಅತ್ತೆ ಎದ್ದೇ ನಿಂತರು.

“ಸುಳ್ಳು. ಏಳು ಬೇ, ಮನಿಗಿ ಹೋಗೋಣು.”

ಅಷ್ಟಕ್ಕೆ ಸರಿಯಾಗಿ ರೀಲು ಮುಗಿದು ಬೆಳಕು ಬಂತು. ಸುತ್ತ ಕುಳಿತವರಲ್ಲಿ ಅರ್ಧದಷ್ಟು ಕುರಿ ಹಟ್ಟಿಯವರೇ. ಹೌದು ಹೌದು, ಹಾಗೆ ನಿಲ್ಲುವುದಿಲ್ಲ ಎಂದು ಒಬ್ಬೊಬ್ಬರೇ ಏಳತೊಡಗಿದರು. ಬಟ್ಟೆಯ ಆಚೆಯಿಂದ ಗಂಡಸರೂ ದನಿಗೂಡಿಸಿದರು. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಕುರಿ ಬೇರೆ ಕುರಿಯ ಮರಿಯನ್ನು ಮೂಸಿ ನೋಡಿ ಒದೆಯುತ್ತದೆ. ಸತ್ತ ಮರಿಯ ತೊಗಲು ಸುಲಿದು, ಅದನ್ನು ತಬ್ಬಲಿ ಮರಿಗೆ ಅಂಗಿಯಂತೆ ಹೊದಿಸಬೇಕು. ತನ್ನ ಮರಿಯ ವಾಸನೆಗೆ ಕುರಿ ಮೋಸ ಹೋಗುತ್ತದೆ. ಕೆಲವು ದಿನ ಕಳೆದು ತೊಗಲು ತೆಗೆಯುವ ಹೊತ್ತಿಗೆ ಅದಕ್ಕೆ ಆ ಮರಿಯದೇ ವಾಸನೆ ಒಗ್ಗಿರುತ್ತದೆ. ಹಾಡಿನಿಂದ ಇದುವರೆಗೆ ಯಾವ ಕುರಿಯೂ ಹಾಲು ಬಿಟ್ಟಿಲ್ಲ.

ಯಜಮಾನ ಓಡಿಬಂದ. ಟೆಂಟು ಖಾಲಿಯಾಗುವ ಭಯ ಅವನಿಗೆ.

“ರಥ ಹಾರಿದ್ದು ನಂಬಿದ್ರಿ ಯವ್ವಾ, ಕುರಿ ನಿಂತದ್ದು ನಂಬಂಗಿಲ್ಲೇನ್ರಿ?”

“ರಥ ನಾ ಮೇಯಿಸಿಲ್ಲ ತಮ್ಮಾ. ಕುರಿ ಮೇಯಿಸೀನಿ.”

ನಾನು ಆಮೇಲೆ ಎಷ್ಟೋ ಸಿನಿಮಾ ನೋಡಿದ್ದೇನೆ, ಆ ಮಾತನ್ನು ಮೀರಿದ ವಿಮರ್ಶೆ ಕೇಳಿಲ್ಲ. ಕಾಣದ ಲೋಕದ ಸುಳ್ಳು ನಮಗೆ ಸಲೀಸಾಗಿ ಇಳಿಯುತ್ತದೆ. ನಮ್ಮ ಅಂಗಳದ ಸುಳ್ಳು ಗಂಟಲಲ್ಲಿ ಮುಳ್ಳಾಗುತ್ತದೆ.

ಆದರೆ ಅವತ್ತು ನನಗೆ ವಿಮರ್ಶೆ ಬೇಕಾಗಿರಲಿಲ್ಲ. ಮುಂದಿನ ರೀಲಿನಲ್ಲಿ ರಾಣಿಯ ಮಗ ದೊಡ್ಡವನಾಗಿ, ಮಾಡದ ತಪ್ಪಿಗೆ ತಲೆ ಕೊಡುವ ಕಟ್ಟೆಯ ಮೇಲೆ ನಿಲ್ಲುತ್ತಾನೆಂದು ಯಜಮಾನ ಮೊದಲೇ ಹೇಳಿಬಿಟ್ಟಿದ್ದ. ಅವನು ಉಳಿಯುತ್ತಾನೋ ಇಲ್ಲವೋ ಗೊತ್ತಾಗದೆ ಕುರ್ಡಿಗೆ ಹೋಗಿ ನಾನು ಹೇಗೆ ಬದುಕಲಿ? ಮದುವೆಯಾದಾಗಿನಿಂದ ಅತ್ತೆಗೆ ಎದುರು ಮಾತಾಡದವಳು ಅವರ ಸೆರಗು ಹಿಡಿದೆ.

“ಅತ್ತೀ, ತೊಗಲು ಹೊದಿಸಿದ್ದು ಮದಲ ಆಗ್ಯದ. ನಮಗ ತೋರಿಸಿಲ್ಲ ಅಷ್ಟ.”

ಯಜಮಾನ ಮುಳುಗುವವನು ಹಗ್ಗ ಹಿಡಿದಂತೆ ಆ ಮಾತು ಹಿಡಿದ. ಹೌದು ಯವ್ವಾ, ಆ ರೀಲು ದೇವದುರ್ಗದಲ್ಲಿ ಹರಿಯಿತು, ಆ ತುಂಡು ಕತ್ತರಿಸಿ ಬಿಸಾಡಬೇಕಾಯಿತು, ತೊಗಲು ಹೊದಿಸಿದ್ದು ಅದರಲ್ಲೇ ಇತ್ತು ಎಂದು ಒಂದೇ ಉಸಿರಿಗೆ ಹೇಳಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, ಎಷ್ಟು ದಿನ ಹೊದಿಸಿದ್ದರು ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ಅತ್ತೆಯ ಬೆನ್ನ ಹಿಂದೆ ನಿಂತು ಮೆಲ್ಲಗೆ ನಾಲ್ಕು ಬೆರಳು ಎತ್ತಿದೆ.

“ನಾಕ್ ದಿನ ರೀ,” ಅಂದ.

ಅತ್ತೆ ಕುಳಿತರು. ಅವರು ಕುಳಿತದ್ದು ನೋಡಿ ಎಲ್ಲರೂ ಕುಳಿತರು. ಮುಂದಿನದೆಲ್ಲ ನನಗೆ ಕನಸಿನಂತೆ ಸಾಗಿತು. ಕತ್ತಿ ಎತ್ತಿದಾಗ ನಾನು ಕಿರುಚಿದೆ. ರಾಣಿ ಓಡಿಬಂದು ಮಗನ ತೋಳಿನ ಮಚ್ಚೆ ಗುರುತಿಸಿದಾಗ ಇಡೀ ಟೆಂಟು ಅತ್ತಿತು. ಚಿಕ್ಕಂದಿನಲ್ಲಿ ಆ ಮಚ್ಚೆ ಇನ್ನೊಂದು ತೋಳಿನಲ್ಲಿತ್ತು. ಇರಲಿ, ಬೆಳೆಯುವ ಮಕ್ಕಳು.

ಆ ರಾತ್ರಿ ಮಾನ್ವಿಯ ನೆಂಟರ ಮನೆಯಲ್ಲಿ ಉಳಿದೆವು. ಬೆಳಗ್ಗೆ ಬಂಡಿ ಕಟ್ಟಿದೆವು. ಗಂಡ ಮುಂದೆ ಕುಳಿತು ಎತ್ತು ಹೊಡೆಯುತ್ತಿದ್ದ, ನಾವಿಬ್ಬರು ಹಿಂದೆ. ಥಂಡಿ ಗಾಳಿಗೆ ಅದೇ ಹಳೆಯ ಕರಿ ಕಂಬಳಿ ಹೊದ್ದು, ನಾನು ಮುದುಡಿ ಕುಳಿತಿದ್ದೆ. ಊರು ದಾಟಿದ ಮೇಲೆ ಅತ್ತೆ ಬಾಯಿಬಿಟ್ಟರು.

“ಗ್ಯಾಸ್‌ಬತ್ತಿ ನಮ್ಮ ಹಿಂದ ಇತ್ತು. ನಿನ್ನ ಬೆರಳಿನ ನೆಳ್ಳು ನನ್ನ ಮುಂದಿನ ಸಿನಿಮಾ ಬಟ್ಟಿ ಮ್ಯಾಲೇ ಬಿದ್ದಿತ್ತು.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಾಗಾದರೆ ಯಾಕೆ ಕುಳಿತಿರಿ ಎಂದು ಹೇಗೋ ಕೇಳಿದೆ. ಅವರು ಹೊಲದ ಕಡೆ ಮುಖ ಮಾಡಿದರು. ಆ ಹೆಣ್ಣುಮಗಳಿಗೆ ಕಳಕೊಂಡ ಕೂಸು ಸಿಗುತ್ತದೋ ಇಲ್ಲವೋ ನೋಡಬೇಕಿತ್ತು ಅಂದರು. ಆಣೆ ಏನಾಯಿತು ಎಂದು ಮುಂದಿನಿಂದ ಗಂಡ ಕೇಳಿದ. ಎಡಗಿವಿ ಮಂದ ಇರುವವನಿಗೆ ಅದೊಂದು ಮಾತು ಸರಿಯಾಗಿ ಕೇಳಿಸಿತ್ತು. ಸುಳ್ಳು ಹೇಳಿದವನು ಟೆಂಟಿನವನು, ಹೇಳಿಸಿದವಳು ನಿನ್ನ ಹೆಂಡತಿ, ಸಿನಿಮಾ ಏನು ಮಾಡಿದೆ ಎಂದು ಅತ್ತೆ ತೀರ್ಪು ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ಮನೆಗೆ ಬಂದ ಮೇಲೆ ಅವರ ನಗು ನೋಡಿದ್ದು ಅದೇ ಮೊದಲು.

ಆಮೇಲೆ ಅವರು ನನ್ನ ಹೆಗಲ ಮೇಲಿನ ಕಂಬಳಿಯ ತುದಿ ಹಿಡಿದು, ದಿನಾ ಮಾಡುವಂತೆ ಮೂಗಿಗೆ ಹಿಡಿದರು.

“ಇದು ನನ್ನ ಮಗಳದು. ಮದಲ ಮದಲ ಅಕಿ ವಾಸನಿ ಬರ್ತಿತ್ತು.”

ಅತ್ತೆ ತುದಿಯನ್ನು ನನ್ನ ಕುತ್ತಿಗೆಯ ಸುತ್ತ ಸುತ್ತಿ, ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದರು.

“ಈಗ ನಿಂದೇ ಬರಾಕತ್ತದ. ಬರ್ಲಿ ಬಿಡು.”